ಜೆಸಿಬಿ ರಾಡು, ಎಸ್ಟೀಮ್ ಕಾರು, ಬಚ್ಚಲ ಹಂಡೆ

ಹೋದ ತಿಂಗಳು ಹಾಸನದಿಂದ ಒಬ್ಬರು ಫೋನ್ ಮಾಡಿ, "ನಿಮ್ಮ ಬಾಟ್ಲಿ ಶಾಕಬ್ಸರ್ ನಮ್ಮ ಕಾರಿಗೂ ಒಂದು ಸೆಟ್ ಮಾಡ್ಕೊಡ್ತೀರಾ?" ಅಂದರು. ದನಿ ಗುರುತು ಸಿಕ್ಕಿತು. 2017ರ ಕಾರ್ ರ‍್ಯಾಲಿಯೊಂದರ ಸರ್ವಿಸ್ ಪಾರ್ಕಿನಲ್ಲಿ, ಅಂದರೆ ರ‍್ಯಾಲಿಯ ನಡುವೆ ಕಾರು ರಿಪೇರಿ ಮಾಡುವ ಜಾಗದಲ್ಲಿ, ನಮ್ಮ ಕಾರಿನ ಕೆಳಗೆ ಬಗ್ಗಿ ನೋಡಿ, ಅಕ್ಕಪಕ್ಕದ ನಾಲ್ಕು ಟೆಂಟಿಗೆ ಕೇಳುವ ಹಾಗೆ "ಜೆಸಿಬಿ ಸಾಮಾನು ಹಾಕ್ಕೊಂಡು ಬಂದವ್ರೆ, ಬಕೆಟ್ ಎಲ್ಲಪ್ಪಾ?" ಅಂದವರು ಇವರೇ. ಮಾಡಿಕೊಡ್ತೀನಿ ಅಂದೆ. ರೇಟು ಸ್ವಲ್ಪ ಜಾಸ್ತಿಯೇ ಹೇಳಿದೆ. ಒಪ್ಪಿದರು.

ಆ ಫೋನ್ ಬಂದ ಮೇಲೆ ನಮ್ಮ ರ‍್ಯಾಲಿ ಕಾರಿಗೆ ಆ ಶಾಕಬ್ಸರ್ ಮಾಡಿದ ಕತೆಯನ್ನೆಲ್ಲ ಒಂದು ಸಲ ಬರೆದಿಡೋಣ ಅನ್ನಿಸಿತು. ಲೆಕ್ಕದ ಪುಸ್ತಕ ಇಟ್ಟವನಲ್ಲ ನಾನು. ಅಂಕಿಗಳು ನೆನಪಿನಿಂದ ಬರುತ್ತಿವೆ, ಸಾವಿರ ಎರಡು ಸಾವಿರ ಆಚೀಚೆ ಇದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಸಕಲೇಶಪುರದ ಕಡೆ ನಂದೊಂದು ಗ್ಯಾರೇಜು. ಟೀಮು ಅಂದರೆ ನಾಲ್ಕೇ ಜನ. ಓಡಿಸುವವನು ಪಕ್ಕದ ಊರಿನ ತೋಟದ ಮನೆ ಹುಡುಗ. ಕಾರಿನ ಆರ್‌ಸಿ ಅವನ ಹೆಸರಲ್ಲಿದೆ, ಪೆಟ್ರೋಲು ಅವನ ಅಪ್ಪನ ಅಕೌಂಟಿನಲ್ಲಿದೆ. ಪಕ್ಕದಲ್ಲಿ ಕೂತು ದಾರಿ ಹೇಳುವ ನ್ಯಾವಿಗೇಟರ್ ಹೈಸ್ಕೂಲಿನ ಗಣಿತದ ಮೇಷ್ಟ್ರು. ನಾನು ಮೆಕ್ಯಾನಿಕ್. ನನ್ನ ಅಕ್ಕನ ಮಗ ಜ್ಯಾಕು ಹೊಡೆಯುವುದು, ಗಾಲಿ ಬಿಚ್ಚುವುದು, ಚಿತ್ರಾನ್ನದ ಡಬ್ಬಿ ಕಾಯುವುದು. ಸರ್ವಿಸ್ ಗಾಡಿ ಕಾಫಿ ವ್ಯಾಪಾರಿಯೊಬ್ಬರ ಪಿಕಪ್ಪು. ಕೊಯ್ಲು ಶುರುವಾಗುವ ಮೊದಲು ಮಾತ್ರ ಸಿಗುತ್ತದೆ, ಹಾಗಾಗಿ ಡಿಸೆಂಬರ್ ಆದ ಮೇಲೆ ನಮಗೆ ರ‍್ಯಾಲಿಯೂ ಇಲ್ಲ, ಗಾಡಿಯೂ ಇಲ್ಲ. ಟೀಮಿಗೆ ಹೆಸರಿಲ್ಲ. ಎಂಟ್ರಿ ಫಾರಮ್ಮಿನಲ್ಲಿ ಆ ಜಾಗ ಬಂದಾಗ ಮೇಷ್ಟ್ರು ಒಂದು ಗೆರೆ ಎಳೆದು ಮುಂದಕ್ಕೆ ಹೋಗುತ್ತಾರೆ.

ಮಾರುತಿ ಎಸ್ಟೀಮ್ ಕೊಂಡದ್ದು 2014ರಲ್ಲಿ, 62 ಸಾವಿರಕ್ಕೆ. ಎಂಪಿಎಫ್ಐ, ಅಂದರೆ ಪೆಟ್ರೋಲ್ ಇಂಜೆಕ್ಷನ್ನಿನದು, 1298 ಸಿಸಿ, 85 ಎಚ್‌ಪಿಯದು. ಹಳೇ ಕಾರ್ಬುರೇಟರಿನದು 65 ಎಚ್‌ಪಿ, ಅದು ಬೇಡ ಅಂತ ಆರು ತಿಂಗಳು ಕಾದೆವು. ಒಂದು ಕಾಲದಲ್ಲಿ ರಾಷ್ಟ್ರೀಯ ರ‍್ಯಾಲಿಯಲ್ಲೂ ಎಸ್ಟೀಮುಗಳದೇ ಸದ್ದಿತ್ತು. ಈಗ ಗುಜರಿಯಲ್ಲಿ ಸಾಮಾನು ಸಿಗುತ್ತದೆ, ಹಗುರ ಇದೆ, ಕೆಟ್ಟರೆ ಯಾರೂ ಅಳುವುದಿಲ್ಲ. ಕಾರು ಮಗುಚಿದರೆ ಒಳಗಿನವರನ್ನು ಕಾಯುವ ಪೈಪಿನ ಕೇಜಿಗೆ 70 ಸಾವಿರ ಹೋಯಿತು. ಅದರ ಮುಖ್ಯ ಕಮಾನಾದ ಮೇನ್ ಹೂಪಿಗೆ 45 ಎಂಎಂ, ಎರಡೂವರೆ ದಪ್ಪದ ಸೀಮ್‌ಲೆಸ್ ಪೈಪೇ ತಂದೆವು, ಅದರಲ್ಲಿ ಚೌಕಾಸಿ ಮಾಡಲಿಲ್ಲ. ಸೀಟು, ಬೆಲ್ಟು, ಹೆಲ್ಮೆಟ್ಟು, ಕುತ್ತಿಗೆ ಕಾಯುವ ಹ್ಯಾನ್ಸ್, ಸೂಟು ಎಲ್ಲ ಸೇರಿ ಇನ್ನೊಂದು ಲಕ್ಷದ ಮೇಲೆ. ಅಂದರೆ ಕಾರಿಗಿಂತ ಕಾರಿನೊಳಗೆ ಕೂರುವವರ ಬಟ್ಟೆಬರೆ ದುಬಾರಿ. ಇದು ಎಲ್ಲರ ಮನೆ ಕತೆ, ಹೊಸದೇನಲ್ಲ.

ಮೊದಲ ರ‍್ಯಾಲಿಯಲ್ಲಿ ಮೂರನೇ ಸ್ಟೇಜಿಗೇ ಮನೆಗೆ ಬಂದೆವು. ಸ್ಟೇಜು ಅಂದರೆ ಗಡಿಯಾರದ ಲೆಕ್ಕದಲ್ಲಿ ಜೋರಾಗಿ ಓಡಿಸುವ ರಸ್ತೆಯ ತುಂಡು. ಕಂಪನಿ ಶಾಕಬ್ಸರ್ ಇಟ್ಟುಕೊಂಡು ಸ್ಪ್ರಿಂಗ್ ಮಾತ್ರ ಗಟ್ಟಿ ಮಾಡಿದ್ದೆ. ತೋಟದ ರಸ್ತೆ ಹೇಗಿರುತ್ತದೆ ನಿಮಗೆ ಗೊತ್ತು. ಮಳೆನೀರು ಪಕ್ಕಕ್ಕೆ ತಿರುಗಲಿ ಅಂತ ಮೂವತ್ತು ನಲವತ್ತು ಮೀಟರಿಗೊಂದು ಅಡ್ಡ ದಿಣ್ಣೆ ಕಟ್ಟಿರುತ್ತಾರೆ. ಮೊದಲ ನಾಲ್ಕು ಕಿಲೋಮೀಟರ್ ಕಾರು ಚೆನ್ನಾಗಿಯೇ ಇತ್ತಂತೆ. ಆಮೇಲೆ ಒಂದು ದಿಣ್ಣೆ ಇಳಿದ ಕುಣಿತ ನಿಲ್ಲುವುದರೊಳಗೆ ಇನ್ನೊಂದು ದಿಣ್ಣೆ. ಐದಾರು ದಿಣ್ಣೆ ಆದ ಮೇಲೆ ಎಡಗಡೆ ಮುಂದಿನ ಶಾಕಬ್ಸರಿನ ತಲೆ ಹಿಡಿಯುವ ಟಾಪ್ ಮೌಂಟ್ ತಗಡು ಹರಿದುಕೊಂಡು ಬಾನೆಟ್ಟಿಗೆ ಬಡಿಯಿತು. ಹುಡುಗ ಕಾರು ನಿಲ್ಲಿಸಿ ಬಾನೆಟ್ ತೆಗೆದು, ಶಾಕಬ್ಸರಿನ ನಟ್ಟು ತನ್ನ ಮುಖ ನೋಡುತ್ತಿರುವುದನ್ನು ಕಂಡ. ಫೋಟೋ ಈಗಲೂ ಇದೆ.

ಆಗ ಎಲ್ಲರೂ ಕೊಟ್ಟ ಬುದ್ಧಿ ಒಂದೇ: "ಮೊದ್ಲು ಇಂಜಿನ್ ಮಾಡ್ಸಿ ಮಾರಾಯ್ರೆ." ಕ್ಯಾಮ್ ಹಾಕಿ, ಹೆಡ್ ಪೋರ್ಟ್ ಮಾಡಿ, ಹೆಡರ್ ಕೂರಿಸಿ. ಒಂದೂಕಾಲು ಲಕ್ಷದಲ್ಲಿ 105 ಎಚ್‌ಪಿ ಬರುತ್ತದೆ ಅಂತ ಒಬ್ಬರು ಎದೆ ತಟ್ಟಿ ಹೇಳಿದರು. ನನಗೆ ಅದು ಒಪ್ಪಲಿಲ್ಲ. ಇರುವ 85ನ್ನೇ ಹುಡುಗ ಪೂರ್ತಿ ಒತ್ತಲು ಆಗುತ್ತಿಲ್ಲ, ಒತ್ತಿದರೆ ಗಾಲಿ ನೆಲದ ಮೇಲೆ ಇರುವುದಿಲ್ಲ. ಇನ್ನು 20 ಕೊಟ್ಟು ಏನು ಮಾಡಲಿ? ಇಂಜಿನ್ನಿಗೆ ಇವತ್ತಿನವರೆಗೂ ನಾನು ಕೈ ಹಾಕಿಲ್ಲ. ಆಯಿಲು, ಪ್ಲಗ್ಗು, ಬೆಲ್ಟು, ಅಷ್ಟೇ.

2015ರಲ್ಲಿ ಅಂಗಡಿಯ ಹೆವಿ ಡ್ಯೂಟಿ ಸೆಟ್ ಒಂಬತ್ತು ಸಾವಿರಕ್ಕೆ ತಂದು ಹಾಕಿದೆ. ಎರಡು ರ‍್ಯಾಲಿಗೆ ನಾಲ್ಕೂ ಸೋರಿದವು. ಆಮೇಲೆ ಬೆಂಗಳೂರಿನ ಒಂದು ವರ್ಕ್‌ಶಾಪಿಗೆ 35 ಸಾವಿರ ಅಡ್ವಾನ್ಸ್ ಕೊಟ್ಟೆವು. ತಿಂಗಳಲ್ಲಿ ಕೊಡ್ತೀವಿ ಅಂದವರು ಐದು ತಿಂಗಳಿಗೆ ಕೊಟ್ಟರು. ಬಣ್ಣ ಚೆನ್ನಾಗಿತ್ತು. ಮೊದಲನೇ ಸ್ಟೇಜಿನಲ್ಲೇ ಬಲಗಡೆಯದು ಆಯಿಲ್ ಉಗಿಯಿತು, ಬಿಚ್ಚಿ ನೋಡಿದರೆ ಒಳಗೆ ನಮ್ಮದೇ ಕಂಪನಿ ಪಿಸ್ಟನ್ನು, ನಮ್ಮದೇ ರಾಡು, ಮೇಲೆ ಹೊಸ ಪೇಂಟು. ಜಗಳ ಆಡಲು ಬೆಂಗಳೂರಿಗೆ ಹೋಗಿ ಬರುವ ಖರ್ಚಿನಲ್ಲಿ ಎರಡು ಟೈರ್ ಬರುತ್ತದೆ ಅಂತ ಸುಮ್ಮನಾದೆವು. ಹೊರದೇಶದ್ದು ತರಿಸೋಣ ಅಂದರೆ ಆಗ ಕೇಳಿದ ರೇಟು ಮೂರೂವರೆ ಲಕ್ಷ. ಹುಡುಗನ ಅಪ್ಪ ಮೆಣಸಿನ ಚೀಲದ ಕಡೆ ಒಂದು ಸಲ, ನನ್ನ ಕಡೆ ಒಂದು ಸಲ ನೋಡಿದರು. ಮಾತು ಅಲ್ಲಿಗೆ ಮುಗಿಯಿತು.

2016ರಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿ ಚಿಕ್ಕಮಗಳೂರಿಗೆ ಬಂದಾಗ ನಾವು ನಾಲ್ಕೂ ಜನ ಹೋಗಿ ಒಂದು ದಿಣ್ಣೆಯ ಪಕ್ಕ ಗಿಡದ ಸಂದಿಯಲ್ಲಿ ಕೂತೆವು. ಆ ವರ್ಷ ಚಾಂಪಿಯನ್ ಆದ ಗೌರವ್ ಗಿಲ್ ಅವರ ಸ್ಕೋಡಾ ಫೇಬಿಯಾ ಆರ್5 ಬಂತು. 2019ರಲ್ಲಿ ಅರ್ಜುನ ಪ್ರಶಸ್ತಿ ಬಂತಲ್ಲ, ಅವರೇ. ಜನ ಎಲ್ಲ ಕಾರು ಹಾರುವುದನ್ನು ನೋಡುತ್ತಿದ್ದರು. ನಾನು ನೋಡಿದ್ದು ಅದು ಇಳಿಯುವುದನ್ನು. ಇಳಿಯಿತು, ಒಂದು ಸಲ ಕೂತಿತು, ಎದ್ದಿತು, ಮುಗಿಯಿತು. ಎರಡನೇ ಕುಣಿತ ಇಲ್ಲ. ಮತ್ತೆ ಸಂಜೆ ಅದೇ ಜಾಗದಲ್ಲಿ ಬಂದಾಗಲೂ ಹಾಗೇ ಇಳಿಯಿತು. ಬೆಳಿಗ್ಗೆ ಹೇಗಿತ್ತೋ ಸಂಜೆ ಹಾಗೇ ಇರುವುದು, ಅದು ನನ್ನ ತಲೆಯಲ್ಲಿ ಕೂತುಬಿಟ್ಟಿತು. ನಮ್ಮದು ನಾಲ್ಕು ಕಿಲೋಮೀಟರಿಗೇ ಬೇರೆ ಕಾರಾಗುತ್ತಿತ್ತು.

ಹಾಸನದ ಇಂಡಸ್ಟ್ರಿಯಲ್ ಏರಿಯಾದ ಕಡೆ ಜೆಸಿಬಿ, ಟ್ರ್ಯಾಕ್ಟರುಗಳ ಹೈಡ್ರಾಲಿಕ್ ಸಿಲಿಂಡರ್ ರಿಪೇರಿ ಮಾಡುವ ಭಾಯಿ ಒಬ್ಬರಿದ್ದಾರೆ. ಅವರ ಅಂಗಡಿಗೆ ಹೋದದ್ದು ನಮ್ಮ ಗ್ಯಾರೇಜಿನ ಜ್ಯಾಕ್ ರಿಪೇರಿಗೆ. ಮೂಲೆಯಲ್ಲಿ ಹಾರ್ಡ್ ಕ್ರೋಮ್ ರಾಡುಗಳು ಕಬ್ಬಿನ ಜಲ್ಲೆಯ ಹಾಗೆ ಒರಗಿ ನಿಂತಿದ್ದವು. 20, 22, 25 ಎಂಎಂ, ಬೇಕಾದ ದಪ್ಪ, ಅಡಿ ಲೆಕ್ಕದಲ್ಲಿ. ಸೀಲುಗಳು ಡಬ್ಬಿಗಟ್ಟಲೆ. ಟ್ಯೂಬಿನ ಒಳಗೆ ನುಣುಪಾಗಿ ಉಜ್ಜುವ, ಹೋನಿಂಗ್ ಮಾಡುವ ಮಿಷನ್ನು. ನನಗೆ ನಗು ಬಂತು. ಬೆಂಗಳೂರಿನವರೆಗೆ ಯಾಕೆ ಹೋಗಿದ್ದೆ ನಾನು?

"ಭಾಯಿ, ಕಾರಿನ ಶಾಕಬ್ಸರ್ ಮಾಡಬಹುದಾ?" ಅಂದೆ. ಅವರು ಎಸ್ಟೀಮಿನ ಸ್ಟ್ರಟ್, ಅಂದರೆ ಶಾಕಬ್ಸರ್ ಒಳಗಿರುವ ಕಂಬವನ್ನು, ಕೈಯಲ್ಲಿ ತೂಗಿ ನೋಡಿ, "ಇದು ಮಕ್ಕಳ ಆಟದ ಸಾಮಾನು. ತಗೊಂಡು ಬನ್ನಿ, ನೋಡೋಣ" ಅಂದರು. ನೋಟು ಬಂದ್ ಆದ ತಿಂಗಳದು. ನನ್ನ ಹತ್ತಿರ ಹೊಸ ನೋಟಿಲ್ಲ, ಅವರಿಗೆ ಹಳೇದು ಬೇಡ. ರಾಡು, ಸೀಲು ಎಲ್ಲ ಸಾಲದಲ್ಲೇ ಬಂತು. ಅದನ್ನು ಮರೆಯುವುದಿಲ್ಲ.

ಕೆಲಸ ಶುರುವಾಯಿತು. ಸ್ಟ್ರಟ್ ಟ್ಯೂಬಿನ ತಲೆ ಕತ್ತರಿಸಿ, ಚೂಡಿ, ಅಂದರೆ ಥ್ರೆಡ್ಡು, ಹಾಕಿದ ಕಾಲರ್ ವೆಲ್ಡ್ ಮಾಡಿ, ಲೇತಿನಲ್ಲಿ ಅದರ ಬಾಯಿ ಮುಚ್ಚುವ ಗ್ಲ್ಯಾಂಡ್ ನಟ್ ಮಾಡಿಸಿಕೊಂಡೆ. ಇದರಿಂದ ಎಷ್ಟು ಸಲ ಬೇಕಾದರೂ ಬಿಚ್ಚಬಹುದು, ಕಟ್ಟಬಹುದು. ವೆಲ್ಡ್ ಮಾಡುವಾಗ ಟ್ಯೂಬು ಬಿಸಿಗೆ ಮೊಟ್ಟೆಯಾಕಾರ ಆಗುತ್ತದೆ, ಒಳಗೆ ತಾಮ್ರದ ಗುಂಡು ಕೊಟ್ಟು ಮಾಡಿ. ನಾನು ಎರಡು ಟ್ಯೂಬು ಕಳೆದುಕೊಂಡ ಮೇಲೆ ಕಲಿತದ್ದು. ರಾಡು 20ರಿಂದ 22ಕ್ಕೆ ಏರಿಸಿದೆ, ಬಾಗಬಾರದು ಅಂತ.

ಮೊದಲನೇ ಸೋಲು ರಾಡಿನದೇ. ಭಾಯಿ ಒಳ್ಳೆಯ ಮನಸ್ಸಿನಿಂದ ಇಂಡಕ್ಷನ್ ಹಾರ್ಡನ್ ಆದ ರಾಡು ಕೊಟ್ಟಿದ್ದರು, ಗಟ್ಟಿ ಅಂತ. ಲೇತಿನವನು ತುದಿಯಲ್ಲಿ ಚೂಡಿ ಹಾಕುವಾಗ ಮೂರು ಟಿಪ್ ಮುರಿದು ನನ್ನ ವಂಶಾವಳಿ ನೆನೆಸಿಕೊಂಡ. ಹಾಗೂ ಹೀಗೂ ಹಾಕಿದ ಚೂಡಿ, ಮೊದಲ ಟೆಸ್ಟಿನಲ್ಲಿ ಮನೆ ಹಿಂದಿನ ದಿಣ್ಣೆಯಲ್ಲೇ ಬುಡದಲ್ಲಿ ಪಟ್ಟನೆ ಮುರಿಯಿತು, ಚಾಕ್‌ಪೀಸಿನ ಹಾಗೆ. ಗಟ್ಟಿ ಇರುವುದು ಬೇರೆ, ತಾಳುವುದು ಬೇರೆ. ಆಮೇಲೆ ಬರೀ ಹಾರ್ಡ್ ಕ್ರೋಮ್ ಇರುವ, ಒಳಗೆ ಮೆತ್ತಗಿರುವ ರಾಡು ತಂದೆವು. ಅದು ಇವತ್ತಿಗೂ ಬಾಗಿಲ್ಲ.

ಎರಡನೇ ಸೋಲು ನನ್ನ ದಡ್ಡತನದ್ದು. ಕಂಪನಿ ಅಳತೆಯ ಆಯಿಲನ್ನೇ ಹಾಕಿ ಕಟ್ಟಿದೆ. ಗ್ಯಾರೇಜಿನಲ್ಲಿ ಬೆಣ್ಣೆಯ ಹಾಗೆ ಇತ್ತು. ತೋಟದ ರಸ್ತೆಯಲ್ಲಿ ಮೂರು ಕಿಲೋಮೀಟರ್ ಓಡಿಸುವುದರೊಳಗೆ ಮುಂದಿನ ಎರಡೂ ಕಲ್ಲಿನ ಹಾಗೆ ನಿಂತವು, ಆಮೇಲೆ ಒಂದರ ಸೀಲು ಹಾರಿ ಬ್ರೇಕ್ ಡಿಸ್ಕಿನ ಮೇಲೆಲ್ಲ ಆಯಿಲು. ಹೊಗೆ ನೋಡಿ ಹುಡುಗ ಎಕ್ಸ್‌ಟಿಂಗ್ವಿಶರ್ ಪಿನ್ ಎಳೆದೇಬಿಟ್ಟ. ಅದನ್ನು ತುಂಬಿಸಲು ಎಂಟುನೂರು.

ಸಂಜೆ ಟೀ ಕುಡಿಯುವಾಗ ಮೇಷ್ಟ್ರು, "ರಾಡು ದಪ್ಪ ಮಾಡಿದ್ರಲ್ಲ, ಅದು ಒಳಗೆ ಹೋದಾಗ ಅಷ್ಟು ಆಯಿಲು ಎಲ್ಲಿಗೆ ಹೋಗ್ಬೇಕು?" ಅಂದರು. ಬಾನೆಟ್ಟಿನ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ಹಾಕಿದರು. ರಾಡಿನ ಓಟ 16 ಸೆಂಟಿಮೀಟರ್. 20ರ ರಾಡು ಒಳಗೆ ಹೋದರೆ 50 ಸಿಸಿ ಜಾಗ ತಿನ್ನುತ್ತದೆ, 22ರದು 61. ಹನ್ನೊಂದು ಸಿಸಿ ಹೆಚ್ಚು. ಮೇಲಿಂದ ಆಯಿಲು ಬಿಸಿಗೆ ಉಬ್ಬುತ್ತದೆ, ಮುನ್ನೂರು ಸಿಸಿ ಆಯಿಲು ಎಂಬತ್ತು ಡಿಗ್ರಿ ಏರಿದರೆ ಇನ್ನೊಂದು ಹದಿನೆಂಟು ಇಪ್ಪತ್ತು ಸಿಸಿ. ಎರಡೂ ಸೇರಿ ಮೂವತ್ತು. ಒಳಗೆ ಗಾಳಿಗೆ ಇದ್ದ ಜಾಗವನ್ನು ನಾನು ಆಯಿಲಿನಿಂದ ತುಂಬಿಬಿಟ್ಟಿದ್ದೆ. ಬೀಗ ಬೀಳದೆ ಇನ್ನೇನು? ಆ ಸೀಮೆಸುಣ್ಣದ ಲೆಕ್ಕವನ್ನು ಒಂದು ವಾರ ತೊಳೆಯಲಿಲ್ಲ.

ಮೂವತ್ತು ಸಿಸಿ ಕಮ್ಮಿ ಹಾಕಿದೆ. ಬೀಗ ಹೋಯಿತು, ಹಳೇ ಕಾಯಿಲೆ ವಾಪಸ್ಸು ಬಂತು. ಆಯಿಲ್ ಮಟ್ಟ ಇಳಿದಿದ್ದರಿಂದ ಕುಣಿತದಲ್ಲಿ ಕೆಳಗಿನ ವಾಲ್ವು ಗಾಳಿ ಎಳೆದುಕೊಂಡು, ಬಿಚ್ಚಿದರೆ ಒಳಗೆ ಆಯಿಲಿನ ಬದಲು ನೊರೆ. ಆಗತಾನೆ ಕರೆದ ಹಾಲಿನ ಹಾಗೆ.

ಇಲ್ಲಿಂದ ಎಂಟು ತಿಂಗಳು ನಾನು ದಾರಿ ತಪ್ಪಿದೆ. ಎಲ್ಲರೂ ಮಾಡುವುದನ್ನೇ ಮಾಡಿದೆ: ಬಿಸಿಗೆ ತೆಳ್ಳಗಾಗುತ್ತದೆಯಲ್ಲ, ದಪ್ಪ ಆಯಿಲು ಹಾಕೋಣ. ಬೈಕಿನ ಫೋರ್ಕ್ ಆಯಿಲು 20, ಆಮೇಲೆ 30. ಜೆಸಿಬಿ ಹೈಡ್ರಾಲಿಕ್ ಆಯಿಲು. ಪವರ್ ಸ್ಟಿಯರಿಂಗಿನ ಕೆಂಪು ಆಯಿಲು. ಒಂದು ಸಲ ತಲೆಕೆಟ್ಟು ಗೇರ್ ಆಯಿಲ್ 90 ಬೆರೆಸಿದೆ. ಬೆಳಿಗ್ಗೆ ಆರು ಗಂಟೆಯ ಚಳಿಯಲ್ಲಿ ಕಾರು ಎತ್ತಿನಗಾಡಿಯಾಯಿತು, ಮೇಷ್ಟ್ರ ಕನ್ನಡಕ ಹೆಲ್ಮೆಟ್ಟಿನೊಳಗೇ ಜಾರಿತು. ಹತ್ತು ಗಂಟೆ ಹೊತ್ತಿಗೆ ಅದೇ ಕಾರು ದೋಣಿ.

ರೋಡಿಗೆ ಇಳಿಸಿ ಇಳಿಸಿ ಪೆಟ್ರೋಲು ಸುಡುವುದಕ್ಕಿಂತ ಮನೆಯಲ್ಲೇ ಅಳೆಯೋಣ ಅಂತ ಒಂದು ಉಪಾಯ ಮಾಡಿದೆ. ಶಾಕಬ್ಸರನ್ನು ತೊಲೆಗೆ ಕಟ್ಟಿ, ಕೆಳಗೆ 50 ಕೆಜಿಯ ಕಾಫಿ ಚೆರಿ ಚೀಲ ನೇತುಹಾಕುವುದು. ಹತ್ತು ಸೆಂಟಿಮೀಟರ್ ಇಳಿಯಲು ಎಷ್ಟು ಹೊತ್ತು ಅಂತ ಮೊಬೈಲಿನಲ್ಲಿ ನೋಡುವುದು. ಆಮೇಲೆ ಅದೇ ಶಾಕಬ್ಸರನ್ನು ಬಚ್ಚಲ ಹಂಡೆಯ ಕುದಿಯುವ ನೀರಿನಲ್ಲಿ ಇಪ್ಪತ್ತು ನಿಮಿಷ ಮುಳುಗಿಸಿಟ್ಟು, ತೆಗೆದು, ಗೋಣಿಯಲ್ಲಿ ಹಿಡಿದುಕೊಂಡು ಓಡಿ ಬಂದು ಮತ್ತೆ ನೇತುಹಾಕುವುದು. ಕಂಪನಿಯದು ತಣ್ಣಗಿದ್ದಾಗ ನಾಲ್ಕು ಸೆಕೆಂಡು, ಹಂಡೆಯಿಂದ ಬಂದ ಮೇಲೆ ಎರಡೂ ಇಲ್ಲ. ಚೀಲ ನಿಧಾನ ಇಳಿಯುತ್ತದೆ, ದಿಣ್ಣೆ ಜೋರಾಗಿ ಹೊಡೆಯುತ್ತದೆ, ಎರಡೂ ಒಂದೇ ಅಲ್ಲ. ಗೊತ್ತಿದೆ. ಆದರೂ ಸಾವಿರಾರು ರೂಪಾಯಿ ಉಳಿಸಿತು. ಅಮ್ಮ ಮೂರು ದಿನ ನೋಡಿದರು. ನಾಲ್ಕನೇ ದಿನ ತಲೆಗೆ ನೀರು ಹಾಕಿಕೊಂಡು ಹೊರಗೆ ಬಂದು, "ಏನೋ ಇದು, ಮೈಯೆಲ್ಲ ಗ್ರೀಸು ವಾಸ್ನೆ" ಅಂದರು. ಆಮೇಲೆ ಹಂಡೆ ರಾತ್ರಿ ಎಂಟರ ಮೇಲೆ ಮಾತ್ರ.

ಹಂಡೆಯಿಂದಲೇ ಉತ್ತರ ಬಂದದ್ದು. ಗಾಳಿ ಪೂರ್ತಿ ತೆಗೆದು ಕಟ್ಟಿದ ಟ್ಯೂಬು ಬಿಸಿಯಾದ ಮೇಲೂ ಮೂರು ಸೆಕೆಂಡಿನ ಮೇಲೆ ನಿಲ್ಲುತ್ತಿತ್ತು, ಅದೂ ತೆಳುವಾದ ಆಯಿಲಿನಲ್ಲಿ. ಅಂದರೆ ಕಳ್ಳ ಆಯಿಲಿನ ದಪ್ಪದಲ್ಲಿಲ್ಲ, ಗಾಳಿ ಬೆರೆಯುವುದರಲ್ಲಿದೆ. ಗಾಳಿ ಬೇಕು, ರಾಡು ಒಳಗೆ ಬಂದಾಗ ಆಯಿಲಿಗೆ ಜಾಗ ಬೇಕಲ್ಲ. ಆದರೆ ಅದು ಆಯಿಲಿನ ಜೊತೆ ಒಂದೇ ಮನೆಯಲ್ಲಿ ಇರಬಾರದು. ಬೇರೆ ಮನೆ ಮಾಡಿಕೊಡಬೇಕು.

ಹಾಗೆ ಹುಟ್ಟಿದ್ದು ಬಾಟ್ಲಿ. ಸ್ಟ್ರಟ್ಟಿನ ಹೊರಟ್ಯೂಬಿನ ಕೆಳಭಾಗದಿಂದ ಒಂದು ಸಣ್ಣ ಸ್ಟೀಲ್ ಪೈಪು, ಅದರ ತುದಿಗೆ ಒಂದು ಬಾಟ್ಲಿ, ಕಂಕುಳಲ್ಲಿ ಕೂಸು ಕೂತ ಹಾಗೆ ಪಕ್ಕದಲ್ಲಿ ಕೂರುತ್ತದೆ. ಸ್ಟ್ರಟ್ ಪೂರ್ತಿ ಆಯಿಲು, ಬಾಟ್ಲಿಯ ಕೆಳಗರ್ಧ ಆಯಿಲು, ಮೇಲರ್ಧ ಗಾಳಿ. ಕಾರು ಎಷ್ಟು ಕುಣಿದರೂ ಕೆಳಗಿನ ವಾಲ್ವಿಗೆ ಗಾಳಿ ಸಿಗುವುದಿಲ್ಲ. ದೊಡ್ಡ ಟೀಮುಗಳ ಶಾಕಬ್ಸರಿಗೆ ಬಾಟ್ಲಿ ಇರುವುದನ್ನು ನಾವೆಲ್ಲ ನೋಡಿದ್ದೇವೆ, ಹೊಸದೇನೂ ಕಂಡುಹಿಡಿಯಲಿಲ್ಲ ನಾನು. ಎಸ್ಟೀಮಿನ ಸಾದಾ ಸ್ಟ್ರಟ್ಟಿಗೆ ಹಾಸನದಲ್ಲೇ ಕೂರಿಸಿದೆ, ಅಷ್ಟು ನನ್ನದು.

ಮೊದಲನೇ ಬಾಟ್ಲಿಯ ವೆಲ್ಡು ಬಿರುಕು ಬಿಟ್ಟಿತು. ಪೈಪು ನೆಟ್ಟಗೆ ಕೊಟ್ಟಿದ್ದೆ, ಬಾಟ್ಲಿ ನಡುಗಿ ನಡುಗಿ ಬುಡ ಕಿತ್ತಿತು. ಎರಡನೆಯದಕ್ಕೆ ಆರ್ಕ್ ಬಿಟ್ಟು ಹಿತ್ತಾಳೆ ಬ್ರೇಜಿಂಗ್ ಮಾಡಿಸಿ, ಬಾಟ್ಲಿಯನ್ನು ಸ್ಟ್ರಟ್ಟಿಗೆ ಎರಡು ಕ್ಲಾಂಪಿನಲ್ಲಿ ಕಟ್ಟಿದೆ. ಒಂದು ಕ್ಲಾಂಪಿನ ಒಳಗೆ ಜಲ್ಲಿ ಕ್ರಷರಿನ ಕನ್ವೇಯರ್ ಬೆಲ್ಟಿನ ತುಂಡು. ಮಡ್‌ಫ್ಲಾಪ್, ಸಂಪ್ ಗಾರ್ಡಿನ ಮೆತ್ತೆ, ಇಂಥ ನೂರು ಕೆಲಸಕ್ಕೆ ನಮ್ಮ ಹತ್ತಿರ ಆ ಬೆಲ್ಟೇ. ಆಮೇಲೆ ನೈಟ್ರೋಜನ್. ಬಾಟ್ಲಿಯ ತಲೆಗೆ ಟೈರಿನ ಪಿನ್ ಕೂರಿಸಿ, ಬೇಲೂರು ರಸ್ತೆಯ ಟೈರ್ ಅಂಗಡಿಗೆ ನಾಲ್ಕೂ ಸ್ಟ್ರಟ್ ಹೊತ್ತುಕೊಂಡು ಹೋದೆ. "40 ಹಾಕಪ್ಪಾ" ಅಂದೆ. ಅಂಗಡಿಯ ಹುಡುಗ ಗಾಲಿ ಎಲ್ಲಿ ಅಂತ ಹುಡುಕಿದ. ಒಂದಕ್ಕೆ ಹತ್ತು ರೂಪಾಯಿ ತೆಗೆದುಕೊಂಡ.

ಪಿಸ್ಟನ್ನಿನ ತೂತು ಎಷ್ಟು, ತೆಳು ತಗಡಿನ ಶಿಮ್ಮುಗಳು ಯಾವ ಕ್ರಮದಲ್ಲಿ, ಎರಡು ಆಯಿಲು ಯಾವ ಅಳತೆಯಲ್ಲಿ ಅಂತ ಕೇಳಬೇಡಿ. ಅದು ಹೇಳಿದರೆ ಹಾಸನದವರು ನನಗೆ ದುಡ್ಡು ಯಾಕೆ ಕೊಡಬೇಕು? ಒಂದು ಮಾತ್ರ ಹೇಳುತ್ತೇನೆ, ಮುಂದಿನದಕ್ಕೂ ಹಿಂದಿನದಕ್ಕೂ ಒಂದೇ ಲೆಕ್ಕ ಹಿಡಿದರೆ ದಿಣ್ಣೆ ಹಾರಿದಾಗ ಕಾರು ಮೂತಿ ಊರುತ್ತದೆ.

ಈ ಎಂಟು ತಿಂಗಳಲ್ಲಿ ಮೇಷ್ಟ್ರು ಸುಮ್ಮನೆ ಕೂತಿರಲಿಲ್ಲ. ಪೇಸ್ ನೋಟ್ಸನ್ನು, ಅಂದರೆ ಮುಂದಿನ ತಿರುವು ಯಾವ ಕಡೆ, ಎಷ್ಟು ಚೂಪು ಅಂತ ನಂಬರಿನಲ್ಲಿ ಓದಿ ಹೇಳುವ ಟಿಪ್ಪಣಿಯನ್ನು, ಪೂರ್ತಿ ಕನ್ನಡದಲ್ಲಿ ಮಾಡುತ್ತೇನೆ ಅಂತ ಹಟ ಹಿಡಿದರು. ಓಡಿಸುವವನು ಕನ್ನಡದವನು, ಓದುವವನು ಕನ್ನಡದವನು, ನಡುವೆ ಇಂಗ್ಲಿಷ್ ಯಾಕೆ? ಹೌದಲ್ಲ ಅನ್ನಿಸಿತು. ಮೊದಲ ಟೆಸ್ಟಿನಲ್ಲೇ "ಎಡ ಎರಡು" ಅಂದದ್ದು ಇಂಟರ್‌ಕಾಮಿನಲ್ಲಿ "ಎಡೆರಡು" ಆಗಿ, ಹುಡುಗ "ಏನೆರಡು?" ಅನ್ನುವಷ್ಟರಲ್ಲಿ ಕಾರು ಕಾಫಿ ಗಿಡದಲ್ಲಿತ್ತು. ಸಂಧಿ ಮಾಡಿಕೊಳ್ಳಬೇಡ ಅಂತ ನಾಲಿಗೆಗೆ ಹೇಳಲು ಆಗುವುದಿಲ್ಲವಲ್ಲ. ಎಡ, ಬಲ ಎರಡೂ ಗದ್ದಲದಲ್ಲಿ ಒಂದೇ ಥರ ಕೇಳುತ್ತವೆ. ದೂರ ಹೇಳುವಾಗ ಎಪ್ಪತ್ತು, ಎಂಬತ್ತು, ತೊಂಬತ್ತು ಮೂರೂ ಅಣ್ಣತಮ್ಮಂದಿರು. ಕೊನೆಗೆ ರಾಜಿ ಆಯಿತು. ಲೆಫ್ಟ್, ರೈಟ್, ನಂಬರು ಇಂಗ್ಲಿಷಿನಲ್ಲಿ. ಉಳಿದದ್ದು ನಮ್ಮದೇ: ದಿಣ್ಣೆ, ಮೋರಿ, ಕೊರಕಲು, ಬಿಗಿ, ಬಿಚ್ಚು, ಜಾರು. "ರೈಟ್ ಫೋರ್ ಬಿಗಿ, ದಿಣ್ಣೆ ಮೇಲೆ, ಮೋರಿ" ಅಂದರೆ ಹುಡುಗನಿಗೆ ಕಣ್ಣಿಗೆ ಕಟ್ಟುತ್ತದೆ. ಟೈಟನ್ಸ್, ಓಪನ್ಸ್ ಅನ್ನುವುದಕ್ಕಿಂತ ಬಿಗಿ, ಬಿಚ್ಚು ಚಿಕ್ಕದು, ಚುರುಕು. ಇದನ್ನು ಬೇರೆಯವರೂ ಮಾಡಿ ನೋಡಬಹುದು, ಇದಕ್ಕೆ ಗುಟ್ಟಿಲ್ಲ.

2017ರ ಮಳೆ ನಿಂತ ಮೇಲಿನ ತೋಟದ ರ‍್ಯಾಲಿಗೆ ಹೋದೆವು. ಎರಡು ದಿನ, ಒಂಬತ್ತು ಸ್ಟೇಜು, ನಮ್ಮ 1400 ಸಿಸಿ ಕ್ಲಾಸಿನಲ್ಲಿ ಹನ್ನೊಂದು ಕಾರು. ಸ್ಕ್ರುಟಿನಿಯಲ್ಲಿ, ಅಂದರೆ ಕಾರಿನ ತಪಾಸಣೆಯಲ್ಲಿ, ಬಾಟ್ಲಿ ಮುಟ್ಟಿ ನೋಡಿ "ಇದೇನ್ರೀ, ಗ್ಯಾಸ್ ಸಿಲಿಂಡರ್ರಾ?" ಅಂದರು. ನಮ್ಮ ಕ್ಲಾಸಿನಲ್ಲಿ ಸಸ್ಪೆನ್ಷನ್ನಿಗೆ ಬಿಡುವಿತ್ತು, ಕಾಗದ ತೋರಿಸಿದೆ. ಬಕೆಟ್ ಎಲ್ಲಿ ಅನ್ನುವ ಮಾತು ಬಂದದ್ದು ಅದಾದ ಹತ್ತು ನಿಮಿಷಕ್ಕೆ. ಟೈರುಗಳು ದೊಡ್ಡ ಟೀಮಿನವರು ಒಂದೆರಡು ಸ್ಟೇಜು ಓಡಿಸಿ ಬಿಟ್ಟವು, ಒಂದಕ್ಕೆ ಸಾವಿರದ ಐನೂರು.

ಮೊದಲ ದಿನ ನಾವು ಐದನೆಯವರು. ಮೊದಲ ಸ್ಟೇಜಿನಲ್ಲಿ ಹುಡುಗ ನಂಬಿರಲಿಲ್ಲ, ಹೆದರಿ ಓಡಿಸಿದ. ಸರ್ವಿಸಿಗೆ ಬಂದವನು ಹೆಲ್ಮೆಟ್ ತೆಗೆಯದೆ, "ಮಾವ, ಇದು ಕುಣೀತಿಲ್ಲ" ಅಂದ. ನಾನು ಅವನಿಗೆ ಮಾವನೇನಲ್ಲ, ಖುಷಿಯಾದಾಗ ಹಾಗೆ ಕರೆಯುತ್ತಾನೆ. ಒಂಬೈನೂರು ರೂಪಾಯಿಯ ಥರ್ಮಾಮೀಟರ್ ಗನ್ ಹಿಡಿದು ನೋಡಿದೆ. ಮುಂದಿನವು 110ರ ಮೇಲೆ. ಹಿಂದಿನ ವರ್ಷ ಇಷ್ಟು ಬಿಸಿಗೆ ಶಾಕಬ್ಸರ್ ಸತ್ತು ಹೆಣ ತಣ್ಣಗಾಗುತ್ತಿತ್ತು. ಈಗ ಬಂಪರ್ ಒತ್ತಿ ಬಿಟ್ಟರೆ ಒಂದೇ ಏಟಿಗೆ ಎದ್ದು ನಿಲ್ಲುತ್ತಿದೆ. ಹದಿನೈದನೇ ನಿಮಿಷಕ್ಕೆ ನನಗೆ ಮಾಡಲು ಕೆಲಸವೇ ಇಲ್ಲ. ಪಕ್ಕದ ಟೆಂಟಿನಲ್ಲಿ ನಾಲ್ಕು ಜನ ಸ್ಟ್ರಟ್ ಬದಲಾಯಿಸುತ್ತಿದ್ದರು. ನಾನು ಅವರಿಗೆ ಕಾಣುವ ಹಾಗೆ ಸ್ಟೂಲ್ ಹಾಕಿಕೊಂಡು ಕೂತು ಚಿತ್ರಾನ್ನ ತಿಂದೆ. ದೇವರಾಣೆ, ಬೇಕಂತಲೇ.

ಎರಡನೇ ದಿನ ಮೂರು ಕಾರು ಹೊರಗೆ ಹೋದವು. ಹೇಳಿದ ನಿಮಿಷಕ್ಕೇ ಹಾಜರಾಗಬೇಕಾದ ಒಂದು ಟೈಮ್ ಕಂಟ್ರೋಲಿನಲ್ಲಿ ಸ್ಟೇಜು ಬೇಗ ಮುಗಿದ ಉಮೇದಿನಲ್ಲಿ ಹುಡುಗ ಕಾರನ್ನು ಬೋರ್ಡ್ ದಾಟಿಸಲು ಹೋದ. ಮೇಷ್ಟ್ರು ಕ್ಲಾಸಿನಲ್ಲಿ ಕೂಗುವ ಹಾಗೆ ಕೂಗಿ ನಿಲ್ಲಿಸಿದರು. ತಡವಾದರೆ ನಿಮಿಷಕ್ಕೆ ಹತ್ತು ಸೆಕೆಂಡು ದಂಡ, ಬೇಗ ಹೋದರೆ ನಿಮಿಷಕ್ಕೆ ಪೂರ್ತಿ ಒಂದು ನಿಮಿಷ. ಅಲ್ಲಿ ಹೋಗಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಕೊನೆಯ ಸ್ಟೇಜು 12 ಕಿಲೋಮೀಟರು, ಹಿಂದಿನವರ ಗಾಲಿ ಉತ್ತು ಕೊರಕಲು ಬಿದ್ದ ರಸ್ತೆ. ಅದರಲ್ಲಿ ನಮ್ಮ ಕ್ಲಾಸಿನ ಎಲ್ಲರಿಗಿಂತ ಒಂಬತ್ತು ಸೆಕೆಂಡು ಮುಂದೆ ಬಂದೆವು. ಕ್ಲಾಸಿನಲ್ಲಿ ಎರಡನೇ ಸ್ಥಾನ. ಗೆದ್ದವರ ಇಂಜಿನ್ ಪೂರ್ತಿ ಬಿಚ್ಚಿ ಕಟ್ಟಿದ್ದು. ನಮ್ಮದು ಎಪ್ಪತ್ತೆಂಟು ಸಾವಿರ ಕಿಲೋಮೀಟರ್ ಓಡಿದ ಹೆಡ್ಡು, ಒಂದು ಸಲವೂ ಬಿಚ್ಚಿದ್ದಲ್ಲ.

ಬಹುಮಾನ ಹತ್ತು ಸಾವಿರ, ಒಂದು ಟ್ರೋಫಿ. ಎಂಟ್ರಿ ಫೀಸೇ ಹದಿನೆಂಟು ಸಾವಿರ ಕೊಟ್ಟಿದ್ದೆವು. ಶಾಕಬ್ಸರಿಗೆ ಒಟ್ಟು ಎಷ್ಟಾಯಿತು ಅಂತ ಕೇಳುವವರಿಗೆ ನಾನು 17 ಸಾವಿರ ಅನ್ನುತ್ತೇನೆ, ಅದು ಕಾರಿನ ಕೆಳಗೆ ಇರುವ ನಾಲ್ಕರದ್ದು ಮಾತ್ರ. ಹಾಳಾದ ಟ್ಯೂಬು, ಮುರಿದ ರಾಡು, ಲೇತಿನವನ ಟಿಪ್ಪು, ಚೆಲ್ಲಿದ ಆಯಿಲು ಎಲ್ಲ ಸೇರಿಸಿದರೆ 40 ದಾಟುತ್ತದೆ. ಬೆಂಗಳೂರಿಗೆ ಕೊಟ್ಟ 35 ಅದರಲ್ಲಿ ಇಲ್ಲ. ನನ್ನ ಕೂಲಿಯೂ ಇಲ್ಲ. ಗ್ಯಾರೇಜಿಗೆ ಬಂದ ಗಿರಾಕಿಗಳ ಗಾಡಿ ಎರಡೆರಡು ದಿನ ತಡ ಮಾಡಿದ್ದರ ಲೆಕ್ಕ ಅವರಿಗೇ ಗೊತ್ತು.

ಆಮೇಲೆ ಈ ಸೆಟ್ಟಿನಲ್ಲಿ ಹದಿನಾಲ್ಕೋ ಹದಿನೈದೋ ರ‍್ಯಾಲಿ, ಆಟೋಕ್ರಾಸು ಎಲ್ಲ ಆಗಿವೆ. ಸೀಲು ಎರಡು ಸಲ ಬದಲಾಯಿಸಿದ್ದೇನೆ. ಒಂದು ಝೆನ್ ಕಾರಿಗೆ ಪ್ರಯತ್ನ ಮಾಡಿದೆ, ಬಾಟ್ಲಿಗೆ ಜಾಗ ಸಾಲದೆ ಟೈರಿಗೆ ಉಜ್ಜಿತು, ಬಿಟ್ಟೆ. ಜಿಪ್ಸಿಯವರೂ ಕೇಳುತ್ತಾರೆ. ಅವರದು ಪಟ್ಟಿಗಳ ಲೀಫ್ ಸ್ಪ್ರಿಂಗು, ಅದರ ಗೊಡವೆಯೇ ಬೇರೆ, ಕೊಯ್ಲು ಮುಗಿದ ಮೇಲೆ ಬನ್ನಿ ಅಂತ ಹೇಳಿದ್ದೇನೆ. ಹಾಸನದವರ ಕಾರು ಗುರುವಾರ ಬಂದಿದೆ. ನಾಲ್ಕು ಟ್ಯೂಬು ಕತ್ತರಿಸಿ ಇಟ್ಟಿದ್ದೇನೆ, ಹಂಡೆಗೆ ಸೌದೆ ತಂದಾಗಿದೆ.

ಒಂದು ಮಾತು ಅವರಿಗೆ ಹೇಳಿಲ್ಲ. ನಮ್ಮ ಕಾರಿನ ಬಲಗಡೆ ಹಿಂದಿನದು ಇವತ್ತಿಗೂ ಸಣ್ಣಗೆ ಜಿನುಗುತ್ತದೆ. ಸೀಲು ಬದಲಾಯಿಸಿದೆ, ರಾಡು ತಿರುಗಿಸಿ ನೋಡಿದೆ, ಗ್ಲ್ಯಾಂಡ್ ಹೊಸದು ಮಾಡಿಸಿದೆ, ಎಡಗಡೆಯದನ್ನು ಬಲಕ್ಕೆ ಹಾಕಿದರೆ ಅದೂ ಜಿನುಗಲು ಶುರು ಮಾಡುತ್ತದೆ. ರ‍್ಯಾಲಿಗೆ ಹೊರಡುವ ಮುಂಚೆ ಅಕ್ಕನ ಮಗ ಅದಕ್ಕೊಂದು ಬಟ್ಟೆ ಸುತ್ತುತ್ತಾನೆ, ಸ್ಕ್ರುಟಿನಿ ಹತ್ತಿರ ಬಂದಾಗ ಬಿಚ್ಚಿ ಜೇಬಿಗೆ ಹಾಕಿಕೊಳ್ಳುತ್ತಾನೆ.